ಲಂಡನ್‌ನಲ್ಲಿ ಕಾರು ಓಡಿಸುವವರಿಗೆ: ರಸ್ತೆ ನಿಯಮ, ಶುಲ್ಕ ಮತ್ತು ಪಾರ್ಕಿಂಗ್ ಕುರಿತ ಸಮಗ್ರ ಮಾರ್ಗದರ್ಶಿ

ಲಂಡನ್ ನಗರದ ರಸ್ತೆಗಳಲ್ಲಿ ಟೋಲ್ ಗೇಟ್ ತೀರಾ ಅಪರೂಪ, ಕಾರು ತಡೆದು ಹಣ ಕೇಳುವವರೂ ಕಡಿಮೆ, ಸಿಗ್ನಲ್ ಪಕ್ಕದಲ್ಲಿ ರಸೀದಿ ಪುಸ್ತಕ ಹಿಡಿದು ನಿಂತ ಪೊಲೀಸರೂ ಸಾಮಾನ್ಯವಾಗಿ ಕಾಣುವುದಿಲ್ಲ. ಆದರೂ ಇಲ್ಲಿ ಕಾರು ಓಡಿಸುವುದು ಅಗ್ಗದ ಕೆಲಸವಲ್ಲ, ನಿಯಮಗಳೂ ಸಡಿಲವಾಗಿಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ. ಶುಲ್ಕ ಇದೆಯೇ, ಎಷ್ಟಿದೆ, ಯಾರಿಗೆ ಕಟ್ಟಬೇಕು, ಎಷ್ಟರೊಳಗೆ ಕಟ್ಟಬೇಕು ಎಂಬುದನ್ನೆಲ್ಲ ತಿಳಿದುಕೊಂಡು ತಾನಾಗಿಯೇ ಕಟ್ಟುವ ಹೊಣೆ ಪೂರ್ತಿಯಾಗಿ ಚಾಲಕನದು. ಭಾರತದಿಂದ ಬಂದವರಿಗೆ ಎಡಬದಿಯ ಸಂಚಾರವೂ ಬಲಗಡೆಯ ಸ್ಟೀರಿಂಗೂ ಪರಿಚಿತವಾಗಿರುವುದರಿಂದ ಮೊದಲ ದಿನವೇ ಧೈರ್ಯ ಬಂದುಬಿಡುತ್ತದೆ. ನಿಜವಾದ ಕಷ್ಟವಿರುವುದು ರಸ್ತೆಯ ಮೇಲೆ ಬಳಿದ ಗೆರೆಗಳನ್ನೂ ಕಂಬದ ಮೇಲಿನ ಸಣ್ಣ ಫಲಕಗಳನ್ನೂ ಓದುವುದರಲ್ಲಿ. ಅದನ್ನು ಕಲಿಯದೆ ಹೊರಟವರು ಊರಿಗೆ ಮರಳಿದ ಮೇಲೆ ಒಂದರ ಹಿಂದೊಂದು ದಂಡದ ನೋಟಿಸ್ ನೋಡಬೇಕಾಗುತ್ತದೆ.

ಮೊದಲ ಹಂತ: ಕೀಲಿ ಕೈಗೆ ಬರುವ ಮುನ್ನ

ಭಾರತದಲ್ಲಿ ಪಡೆದ, ಅವಧಿ ಮುಗಿಯದ ಚಾಲನಾ ಪರವಾನಗಿ ಇದ್ದರೆ ಪ್ರವಾಸಿಗರು ಬ್ರಿಟನ್‌ಗೆ ಬಂದ ದಿನದಿಂದ 12 ತಿಂಗಳವರೆಗೆ ಕಾರು ಓಡಿಸಬಹುದು. ಅಲ್ಲಿಯೇ ನೆಲೆಸಲು ಬಂದವರಿಗೂ ವಾಸ ಆರಂಭಿಸಿದ ದಿನದಿಂದ 12 ತಿಂಗಳ ಅವಕಾಶವಿದೆ. ಆಮೇಲೆ ಅಲ್ಲಿನ ಪ್ರೊವಿಷನಲ್ ಲೈಸೆನ್ಸ್, ಅಂದರೆ ಕಲಿಯುವವರ ಪರವಾನಗಿ ಪಡೆದು, ಥಿಯರಿ ಮತ್ತು ಪ್ರಾಯೋಗಿಕ ಪರೀಕ್ಷೆಗಳೆರಡನ್ನೂ ಪಾಸು ಮಾಡಲೇಬೇಕು. ಪರವಾನಗಿಯ ಮೂಲ ಕಾರ್ಡನ್ನೇ ಜೊತೆಗೆ ಒಯ್ಯುವುದು ಕ್ಷೇಮ. ಅದು ಇಂಗ್ಲಿಷ್‌ನಲ್ಲಿ ಇಲ್ಲದಿದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನಲ್ಲಿಯೇ ಮಾಡಿಸಿಕೊಂಡು ಹೊರಡಬೇಕು, ಏಕೆಂದರೆ ಬಾಡಿಗೆ ಕಂಪನಿಗಳು ಅದನ್ನು ಕೇಳುತ್ತವೆ.

ಬಾಡಿಗೆ ಕಾರು ಪಡೆಯುವಾಗ ಮೈಲೇಜ್ ಮತ್ತು ಪೆಟ್ರೋಲ್ ವಿಚಾರವನ್ನು ಎಲ್ಲರೂ ಕೇಳುತ್ತಾರೆ. ಲಂಡನ್‌ನಲ್ಲಿ ಅದಕ್ಕಿಂತ ಮುಖ್ಯವಾದ ಮೂರು ಪ್ರಶ್ನೆಗಳಿವೆ. ನಗರ ಕೇಂದ್ರದ ದಟ್ಟಣೆ ಶುಲ್ಕವನ್ನು ಕಂಪನಿಯೇ ಕಟ್ಟಿ ನನ್ನ ಕಾರ್ಡಿನಿಂದ ಕಡಿತ ಮಾಡಿಕೊಳ್ಳುತ್ತದೆಯೇ, ಅಥವಾ ನಾನೇ ಕಟ್ಟಬೇಕೇ? ದಂಡದ ನೋಟಿಸ್ ಬಂದರೆ ದಂಡದ ಜೊತೆಗೆ ಕಂಪನಿ ಎಷ್ಟು ನಿರ್ವಹಣಾ ಶುಲ್ಕ ಹಾಕುತ್ತದೆ? ಈ ಕಾರು ಹೊಗೆ ಮಾನದಂಡವನ್ನು ಪೂರೈಸುತ್ತದೆಯೇ? ಮೂರಕ್ಕೂ ಕರಾರು ಪತ್ರದಲ್ಲಿಯೇ ಉತ್ತರ ತೋರಿಸಲು ಹೇಳಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಸಿಕ್ಕ ಭರವಸೆ ನಂತರ ನೆರವಿಗೆ ಬರುವುದಿಲ್ಲ. ಕಾರನ್ನು ಗೆಳೆಯರೊಬ್ಬರು ಕೊಟ್ಟಿದ್ದರೆ ಅವರ ವಿಮೆಯಲ್ಲಿ ನಿಮ್ಮ ಹೆಸರು ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ವಿಮೆ ಕಾರಿಗಷ್ಟೇ ಅಲ್ಲದೆ ಹೆಸರಿಸಿದ ಚಾಲಕರಿಗೆ ಸೀಮಿತವಾಗಿರುತ್ತದೆ. ಹೆಸರಿಲ್ಲದವರು ಓಡಿಸಿದರೆ ಅದು ವಿಮೆಯಿಲ್ಲದ ಚಾಲನೆ ಎನಿಸಿಕೊಳ್ಳುವ ಗಂಭೀರ ಅಪರಾಧ.

12 ವರ್ಷ ತುಂಬುವವರೆಗೆ ಅಥವಾ 135 ಸೆಂಟಿಮೀಟರ್ ಎತ್ತರವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳಿಗೆ ತಕ್ಕ ಸೀಟು ಬೇಕು. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವ ಯೋಚನೆ ಬೇಡ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು.

ಎರಡನೆಯ ಹಂತ: ವೇಗ

ಬ್ರಿಟನ್‌ನ ಫಲಕಗಳೆಲ್ಲ ಮೈಲಿಯ ಲೆಕ್ಕದಲ್ಲಿವೆ. ಕೆಂಪು ವೃತ್ತದೊಳಗೆ 20 ಎಂದಿದ್ದರೆ ಗಂಟೆಗೆ ಸುಮಾರು 32 ಕಿಲೋಮೀಟರ್, 30 ಎಂದರೆ 48, 40 ಎಂದರೆ 64, ಮೋಟಾರುಮಾರ್ಗದ 70 ಎಂದರೆ 112. ಕಾರಿನ ಸ್ಪೀಡೋಮೀಟರ್ ಕೂಡ ಮೈಲಿಯಲ್ಲಿಯೇ ತೋರಿಸುವುದರಿಂದ ಮನಸ್ಸಿನಲ್ಲಿ ಗುಣಿಸುತ್ತ ಕೂರಬೇಕಾಗಿಲ್ಲ. ಫಲಕದ ಅಂಕಿಯನ್ನು ಮುಳ್ಳು ದಾಟದಿದ್ದರೆ ಸಾಕು. ಬೀದಿದೀಪಗಳಿರುವ ರಸ್ತೆಯಲ್ಲಿ ಬೇರೆ ಫಲಕವಿಲ್ಲದಿದ್ದರೆ ಮಿತಿ 30. ಆದರೆ ಲಂಡನ್‌ನ ಎಷ್ಟೋ ಬಡಾವಣೆಗಳಲ್ಲಿ ಮತ್ತು ನಗರ ಕೇಂದ್ರದ ಹೆಚ್ಚಿನ ರಸ್ತೆಗಳಲ್ಲಿ ಮಿತಿ 20. ಖಾಲಿಯಾದ ಅಗಲ ರಸ್ತೆಯಲ್ಲಿ 20ರ ವೇಗ ಎತ್ತಿನ ಗಾಡಿಯಂತೆ ಅನಿಸಿದರೂ ಹಿಂದಿನವರ ಅವಸರಕ್ಕೆ ಮಣಿಯಬೇಡಿ. ಬಿಳಿ ವೃತ್ತಕ್ಕೆ ಅಡ್ಡಲಾಗಿ ಓರೆಯ ಕಪ್ಪು ಪಟ್ಟಿಯಿರುವ ಫಲಕ ಹೊಸಬರನ್ನು ಗೊಂದಲಗೊಳಿಸುತ್ತದೆ. ಅದು ಮಿತಿಯಿಲ್ಲ ಎಂಬ ಸೂಚನೆಯಲ್ಲ. ರಾಷ್ಟ್ರೀಯ ಮಿತಿ ಜಾರಿಯಲ್ಲಿದೆ, ಅಂದರೆ ಕಾರುಗಳಿಗೆ ವಿಭಜಕವಿಲ್ಲದ ರಸ್ತೆಯಲ್ಲಿ 60, ವಿಭಜಕವಿರುವ ರಸ್ತೆಯಲ್ಲಿ 70 ಎಂಬ ಸೂಚನೆ.

ಇಲ್ಲಿ ದಂಡಗಳಲ್ಲಿ ಎರಡು ಬಗೆಯಿರುವುದನ್ನು ತಿಳಿದಿರಬೇಕು. ಅತಿವೇಗ, ಕೆಂಪು ದೀಪ ದಾಟುವುದು, ಕೈಯಲ್ಲಿ ಫೋನ್ ಹಿಡಿಯುವುದು ಪೊಲೀಸರ ವ್ಯಾಪ್ತಿಯ ಅಪರಾಧಗಳು. ಅತಿವೇಗಕ್ಕೆ ಕನಿಷ್ಠ 100 ಪೌಂಡ್ ದಂಡ ಮತ್ತು ಪರವಾನಗಿಯ ಮೇಲೆ ದಾಖಲಾಗುವ 3 ಪೆನಾಲ್ಟಿ ಪಾಯಿಂಟ್, ಫೋನಿಗೆ 200 ಪೌಂಡ್ ಮತ್ತು 6 ಪಾಯಿಂಟ್. ಸಿಗ್ನಲ್‌ನಲ್ಲಿ ನಿಂತಿರುವಾಗ ಫೋನ್ ಎತ್ತಿ ಸಂದೇಶ ನೋಡಿದರೂ ಅದೇ ಶಿಕ್ಷೆ. ಬಸ್ ಲೇನ್, ಪಾರ್ಕಿಂಗ್, ನಿಷೇಧಿತ ತಿರುವು, ಶುಲ್ಕ ಬಾಕಿ ಇವೆಲ್ಲ ಸ್ಥಳೀಯ ಆಡಳಿತವಾದ ಕೌನ್ಸಿಲ್ ಅಥವಾ ನಗರದ ಸಾರಿಗೆ ನೋಡಿಕೊಳ್ಳುವ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಸಂಸ್ಥೆ ವಿಧಿಸುವ ದಂಡಗಳು. ಅವುಗಳಲ್ಲಿ ಹಣ ಹೋಗುತ್ತದೆ, ಪಾಯಿಂಟ್ ಬೀಳುವುದಿಲ್ಲ. ಮದ್ಯದ ವಿಷಯದಲ್ಲಿ ಇಂಗ್ಲೆಂಡಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ. ಆದರೆ ಎಷ್ಟು ಕುಡಿದರೆ ಆ ಮಿತಿ ತಲುಪುತ್ತದೆ ಎಂದು ಲೆಕ್ಕ ಹಾಕುವ ವಿಶ್ವಾಸಾರ್ಹ ದಾರಿಯಿಲ್ಲದ ಕಾರಣ ಕಾರು ಓಡಿಸುವ ದಿನ ಮುಟ್ಟದಿರುವುದೇ ಸರಿ.

ಮೂರನೆಯ ಹಂತ: ರಸ್ತೆಯಲ್ಲಿ ಯಾರಿಗೆ ಮೊದಲ ದಾರಿ

2022ರ ಜನವರಿಯಲ್ಲಿ ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್ ಪರಿಷ್ಕರಣೆಯಾದಾಗ, ಹೆಚ್ಚು ಅಪಾಯ ಒಡ್ಡಬಲ್ಲ ವಾಹನದವರು ಹೆಚ್ಚು ಜವಾಬ್ದಾರಿ ಹೊರಬೇಕು ಎಂಬ ತತ್ವವನ್ನು ಅದರೊಳಗೆ ಸೇರಿಸಿದರು. ಇದನ್ನು ಬರೀ ಉಪದೇಶವೆಂದು ಬಗೆಯಬೇಡಿ. ನೀವು ಎಡಕ್ಕೆ ತಿರುಗಿ ಪಕ್ಕದ ರಸ್ತೆಗೆ ಇಳಿಯುವಾಗ ಆ ರಸ್ತೆಯ ಬಾಯಲ್ಲಿ ಯಾರಾದರೂ ದಾಟುತ್ತಿದ್ದರೆ, ದಾಟಲು ಕಾಯುತ್ತಿದ್ದರೂ ಸಹ, ಅವರಿಗೆ ದಾರಿ ಬಿಡಬೇಕು. ಕಪ್ಪು ಬಿಳಿ ಪಟ್ಟೆಗಳ ಎರಡೂ ತುದಿಯಲ್ಲಿ ಮಿನುಗುವ ಹಳದಿ ಗೋಳಗಳಿರುವ ಝೀಬ್ರಾ ಕ್ರಾಸಿಂಗ್‌ನಲ್ಲಂತೂ ಜನ ನೀವು ನಿಲ್ಲುತ್ತೀರೆಂಬ ಪೂರ್ತಿ ನಂಬಿಕೆಯಿಂದಲೇ ಹೆಜ್ಜೆ ಇಡುತ್ತಾರೆ. ಹಾರ್ನ್ ಹೊಡೆದು ದಾಟಿಕೊಂಡು ಹೋಗುವ ಅಭ್ಯಾಸ ಇರುವವರು ಅದನ್ನು ವಿಮಾನ ಹತ್ತುವ ಮೊದಲೇ ಬಿಡಬೇಕು. ಸೈಕಲ್ ಸವಾರರನ್ನು ಹಿಂದಿಕ್ಕುವಾಗ ಗಂಟೆಗೆ 30 ಮೈಲಿಯವರೆಗಿನ ವೇಗದಲ್ಲಿ ಕನಿಷ್ಠ ಒಂದೂವರೆ ಮೀಟರ್ ಅಂತರ ಕೊಡಬೇಕು. ಅಷ್ಟು ಜಾಗವಿಲ್ಲದಿದ್ದರೆ ಅವರ ಹಿಂದೆಯೇ ಸಾಗಬೇಕು. ಸಿಗ್ನಲ್‌ನ ಮುಂದೆ ಸೈಕಲ್ ಚಿತ್ರ ಬರೆದ ಚೌಕವಿದ್ದರೆ ಅದು ಸೈಕಲ್‌ಗಳಿಗೆ ಮೀಸಲು, ನಿಮ್ಮ ಕಾರು ಅದರ ಹಿಂದಿನ ಗೆರೆಯಲ್ಲಿ ನಿಲ್ಲಬೇಕು.

ರೌಂಡ್‌ಅಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ಈ ನಿಯಮ ನಮಗೂ ಗೊತ್ತಿರುವಂಥದ್ದೇ, ಆದರೆ ಅಲ್ಲಿ ಅದನ್ನು ಎಲ್ಲರೂ ಪಾಲಿಸುತ್ತಾರೆ. ಎಡಕ್ಕೆ ಹೋಗುವವರು ಎಡ ಇಂಡಿಕೇಟರ್ ಹಾಕಿ ಎಡ ಲೇನ್‌ನಲ್ಲಿ ಬರುತ್ತಾರೆ. ನೇರ ಹೋಗುವವರು ಇಂಡಿಕೇಟರ್ ಇಲ್ಲದೆ ಒಳಬಂದು, ತಾವು ಹೊರಡಬೇಕಾದ ದಾರಿಯ ಹಿಂದಿನದನ್ನು ದಾಟಿದ ಕೂಡಲೇ ಎಡ ಇಂಡಿಕೇಟರ್ ಹಾಕುತ್ತಾರೆ. ಬಲಕ್ಕೆ ಹೋಗುವವರು ಬಲ ಇಂಡಿಕೇಟರ್‌ನೊಂದಿಗೆ ಬಲ ಲೇನ್ ಹಿಡಿಯುತ್ತಾರೆ. ದಾರಿ ತಪ್ಪಿತೆಂದು ಅನಿಸಿದರೆ ಲೇನ್ ಸೀಳಿಕೊಂಡು ಹೊರಬರದೆ ಇನ್ನೊಂದು ಸುತ್ತು ಹಾಕಿ.

ಸಿಗ್ನಲ್ ಕೆಂಪಿದ್ದಾಗ ಎಡ ತಿರುವು ಬಿಟ್ಟಿ ಸಿಗುವುದಿಲ್ಲ. ಹಿಂದಿನಿಂದ ಆಂಬುಲೆನ್ಸ್ ಬಂದರೂ ಕೆಂಪು ದೀಪ ದಾಟಿಯಾಗಲಿ ಬಸ್ ಲೇನ್‌ಗೆ ನುಗ್ಗಿಯಾಗಲಿ ದಾರಿ ಬಿಡಬೇಡಿ. ನಿಮ್ಮ ಕಾರನ್ನು ದಾಟಿಕೊಂಡು ಹೋಗುವ ತರಬೇತಿ ಆ ಚಾಲಕರಿಗೆ ಇರುತ್ತದೆ.

ಹೊಸಬರನ್ನು ಹೆಚ್ಚು ಸಿಕ್ಕಿಸುವುದು ಕೂಡುರಸ್ತೆಯ ಮಧ್ಯೆ ಹಳದಿ ಗೆರೆಗಳು ಅಡ್ಡಡ್ಡ ಹೆಣೆದಿರುವ ಚೌಕ. ಸಂಜೆಯ ದಟ್ಟಣೆಯಲ್ಲಿ ಸಿಗ್ನಲ್ ಹಸಿರಾಯಿತೆಂದುಕೊಳ್ಳೋಣ. ಮುಂದಿನ ಬಸ್ಸು ಚೌಕ ದಾಟಿ ಆಚೆ ತುದಿಯಲ್ಲಿ ನಿಂತಿದೆ, ಅದರ ಹಿಂದೆ ಅರ್ಧ ಕಾರಿಗಾಗುವಷ್ಟು ಜಾಗ ಮಾತ್ರ ಇದೆ. ಬಸ್ಸು ಇನ್ನೇನು ಹೊರಟೀತು ಎಂಬ ಊಹೆಯಲ್ಲಿ ನೀವು ಚೌಕದೊಳಗೆ ಬಂದು, ಅದು ಹೊರಡದೆ ನಿಮ್ಮ ಕಾರೂ ನಿಂತುಬಿಟ್ಟರೆ ಉಲ್ಲಂಘನೆ ಪೂರ್ತಿಯಾಯಿತು. ದೀಪ ಹಸಿರಿತ್ತೆಂಬ ವಾದ ನಡೆಯದು. ಆಚೆ ಬದಿಯಲ್ಲಿ ನಿಮ್ಮ ಇಡೀ ಕಾರಿಗೆ ಜಾಗ ಕಾಣುವ ತನಕ ಚೌಕದ ಈಚೆಯೇ ನಿಲ್ಲಿ. ಬಲಕ್ಕೆ ತಿರುಗುವವರಿಗೆ ಒಂದು ವಿನಾಯಿತಿಯಿದೆ: ಹೋಗಬೇಕಾದ ರಸ್ತೆ ಖಾಲಿಯಿದ್ದು, ಎದುರಿನಿಂದ ಬರುವ ವಾಹನಗಳಷ್ಟೇ ತಡೆಯಾಗಿದ್ದರೆ ಚೌಕದೊಳಗೆ ಕಾಯಬಹುದು.

ಬಸ್ ಲೇನ್‌ಗಳಿಗೆ ವೇಳೆ ಇರುತ್ತದೆ, ಅದನ್ನು ನೀಲಿ ಫಲಕದಲ್ಲಿ ಬರೆದಿರುತ್ತಾರೆ. ವೇಳೆಯೇ ಬರೆದಿಲ್ಲದಿದ್ದರೆ ದಿನದ 24 ಗಂಟೆಯೂ ಬಸ್ಸಿನದು. ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಕಾರುಗಳಿಗೆ ಮುಚ್ಚುವ ಬೀದಿಗಳೂ, ಕೆಂಪು ವೃತ್ತದೊಳಗೆ ಕಾರಿನ ಮೇಲೆ ಮೋಟಾರುಸೈಕಲ್ ಚಿತ್ರವಿರುವ ಫಲಕ ನೆಟ್ಟ ಬಡಾವಣೆಯ ಒಳದಾರಿಗಳೂ ಈಗ ಲಂಡನ್‌ನಲ್ಲಿ ಬಹಳ. ಜಿಪಿಎಸ್ ಅದೇ ದಾರಿ ತೋರಿಸಿತು ಎಂಬುದು ದಂಡಕ್ಕೆ ಉತ್ತರವಾಗುವುದಿಲ್ಲ. ಬಾಯಲ್ಲಿ ಮಾರ್ಗ ಹೇಳುವ ಆ್ಯಪ್‌ಗಿಂತ ಕಂಬದ ಫಲಕವನ್ನು ಹೆಚ್ಚು ನಂಬಿ.

ನಾಲ್ಕನೆಯ ಹಂತ: ಶುಲ್ಕಗಳು

ಲಂಡನ್‌ನಲ್ಲಿ ಕಾರಿನವರು ಎದುರಿಸಬಹುದಾದ ಶುಲ್ಕಗಳು ಒಂದರಿಂದೊಂದು ಬೇರೆ. ಒಂದನ್ನು ಕಟ್ಟಿದರೆ ಇನ್ನೊಂದು ತೀರುವುದಿಲ್ಲ.

ಮೊದಲನೆಯದು ಕಂಜೆಷನ್ ಚಾರ್ಜ್, ಅಂದರೆ ನಗರ ಕೇಂದ್ರದ ದಟ್ಟಣೆ ಶುಲ್ಕ. 2003ರ ಫೆಬ್ರವರಿ 17ರಂದು ದಿನಕ್ಕೆ 5 ಪೌಂಡ್‌ನಿಂದ ಶುರುವಾದ ಇದು 2026ರ ಜನವರಿ 2ರಿಂದ 18 ಪೌಂಡ್ ಆಗಿದೆ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 7ರಿಂದ ಸಂಜೆ 6, ಶನಿವಾರ, ಭಾನುವಾರ ಮತ್ತು ಬ್ಯಾಂಕ್ ರಜೆಗಳಲ್ಲಿ (ಸಾರ್ವಜನಿಕ ರಜಾದಿನಗಳಲ್ಲಿ) ಮಧ್ಯಾಹ್ನ 12ರಿಂದ ಸಂಜೆ 6 ಇದರ ವೇಳೆ. ಕ್ರಿಸ್‌ಮಸ್ ದಿನದಿಂದ ಹೊಸ ವರ್ಷದ ರಜೆಯವರೆಗೆ ಶುಲ್ಕವಿಲ್ಲ. ವಲಯದ ಬಾಗಿಲಲ್ಲಿ ಕೆಂಪು ವೃತ್ತದೊಳಗೆ ಬಿಳಿಯ ಸಿ ಅಕ್ಷರವಿರುವ ಫಲಕವಿರುತ್ತದೆ, ರಸ್ತೆಯ ಮೇಲೂ ಅದೇ ಗುರುತು ಬಳಿದಿರುತ್ತದೆ. ವಲಯವನ್ನು ಸುತ್ತುವರಿದ ಒಳವರ್ತುಲ ರಸ್ತೆಗೆ, ಅಂದರೆ ಯೂಸ್ಟನ್ ರೋಡ್, ಮೇರಿಲೆಬೋನ್ ರೋಡ್, ಪಾರ್ಕ್ ಲೇನ್, ಟವರ್ ಬ್ರಿಡ್ಜ್ ಮುಂತಾದವಕ್ಕೆ, ಈ ಶುಲ್ಕ ಅನ್ವಯಿಸುವುದಿಲ್ಲ. ಅಲ್ಲಿಂದ ಒಂದು ತಿರುವು ಒಳಕ್ಕೆ ಹೋದಿರೋ, ಇಡೀ ದಿನದ ಶುಲ್ಕ ಬಿತ್ತು. ಒಮ್ಮೆ ಕಟ್ಟಿದರೆ ಆ ದಿನ ಎಷ್ಟು ಸಲ ಬೇಕಾದರೂ ಒಳಹೊರಗೆ ಓಡಾಡಬಹುದು. ಶನಿವಾರ ಬೆಳಿಗ್ಗೆ ಹೊರಗಡೆಯಿಂದ ಬಂದವರು 11.50ಕ್ಕೆ ವಲಯ ಬಿಟ್ಟರೆ ಏನೂ ಇಲ್ಲ, ಸಿಗ್ನಲ್‌ಗಳಲ್ಲಿ ಸಿಕ್ಕಿಕೊಂಡು 12.10ಕ್ಕೆ ಇನ್ನೂ ಒಳಗೇ ಓಡಾಡುತ್ತಿದ್ದರೆ ಪೂರ್ತಿ 18 ಪೌಂಡ್. ಮುಂಚಿತವಾಗಿ ಅಥವಾ ಅದೇ ದಿನ ಕಟ್ಟಬಹುದು. ಮುಂದಿನ ಮೂರನೆಯ ದಿನದ ಮಧ್ಯರಾತ್ರಿಯವರೆಗೂ ಅವಕಾಶವಿದೆ, ಆದರೆ ತಡಮಾಡಿದರೆ 21 ಪೌಂಡ್.

ಎರಡನೆಯದು ಅಲ್ಟ್ರಾ ಲೋ ಎಮಿಷನ್ ಜೋನ್, ಎಲ್ಲರ ಬಾಯಲ್ಲಿ ಯುಲೆಜ್. ಇದು ಹೊಗೆಗೆ ಸಂಬಂಧಿಸಿದ್ದು. 2019ರ ಏಪ್ರಿಲ್ 8ರಂದು ನಗರ ಕೇಂದ್ರದಲ್ಲಿ ಆರಂಭವಾಗಿ, 2023ರ ಆಗಸ್ಟ್ 29ರಿಂದ ಲಂಡನ್‌ನ ಎಲ್ಲ ಆಡಳಿತ ವಿಭಾಗಗಳಿಗೂ ಹಬ್ಬಿದೆ. ಯುರೋಪಿನ ಹೊಗೆ ಮಾನದಂಡಗಳಲ್ಲಿ ಪೆಟ್ರೋಲ್ ಕಾರು ಯೂರೋ 4, ಡೀಸೆಲ್ ಕಾರು ಯೂರೋ 6 ಅನ್ನು ಪೂರೈಸದಿದ್ದರೆ ದಿನಕ್ಕೆ 12.50 ಪೌಂಡ್. ಕ್ರಿಸ್‌ಮಸ್ ದಿನವೊಂದನ್ನು ಬಿಟ್ಟು ವರ್ಷವಿಡೀ, ಹಗಲಿರುಳೂ ಜಾರಿಯಲ್ಲಿರುತ್ತದೆ. ಇದರ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕವಾಗುವುದರಿಂದ, ಮಾನದಂಡಕ್ಕೆ ಸೇರದ ಹಳೆಯ ಡೀಸೆಲ್ ಕಾರಿನಲ್ಲಿ ರಾತ್ರಿ 11ಕ್ಕೆ ಹೊರಟು 1 ಗಂಟೆಗೆ ಮನೆ ಸೇರಿದವರು ಎರಡು ದಿನದ ಶುಲ್ಕ ಕಟ್ಟಬೇಕು. ಬಾಡಿಗೆಯ ಹೊಸ ಕಾರುಗಳಿಗೆ ಸಾಮಾನ್ಯವಾಗಿ ಈ ಚಿಂತೆಯಿಲ್ಲ. ಪರಿಚಯದವರ ಹಳೆಯ ಕಾರಾದರೆ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಜಾಲತಾಣದಲ್ಲಿ ನಂಬರ್ ಹಾಕಿ ನೋಡಿ, ಒಂದು ನಿಮಿಷದ ಕೆಲಸ.

ಮೂರನೆಯದು ಪೂರ್ವ ಲಂಡನ್‌ನಲ್ಲಿ ಥೇಮ್ಸ್ ನದಿಯಡಿಯ ಎರಡು ಸುರಂಗಗಳದ್ದು. ಸಿಲ್ವರ್‌ಟೌನ್ ಸುರಂಗ 2025ರ ಏಪ್ರಿಲ್ 7ರಂದು ತೆರೆದಾಗ, ಅದುವರೆಗೆ ಉಚಿತವಾಗಿದ್ದ ಪಕ್ಕದ ಬ್ಲ್ಯಾಕ್‌ವಾಲ್ ಸುರಂಗಕ್ಕೂ ಶುಲ್ಕ ಬಂತು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ದಾಟಿದ ಪ್ರತಿ ಸಲಕ್ಕೂ ಕಟ್ಟಬೇಕು. ಕಾರಿಗೆ 4 ಪೌಂಡ್. ಶುಲ್ಕ ತಾನಾಗಿಯೇ ಕಡಿತವಾಗುವ ಆಟೋ ಪೇ ಖಾತೆ ಇದ್ದವರಿಗೆ ದಟ್ಟಣೆಯಿಲ್ಲದ ವೇಳೆಯಲ್ಲಿ 1.50 ಪೌಂಡ್ ಮಾತ್ರ. ವಾರದ ದಿನಗಳಲ್ಲಿ ಉತ್ತರಕ್ಕೆ ಹೋಗುವವರಿಗೆ ಬೆಳಿಗ್ಗೆ 6ರಿಂದ 10, ದಕ್ಷಿಣಕ್ಕೆ ಹೋಗುವವರಿಗೆ ಸಂಜೆ 4ರಿಂದ 7 ದಟ್ಟಣೆಯ ವೇಳೆ.

ನಾಲ್ಕನೆಯದು ಲಂಡನ್‌ನ ಹೊರಗೆ, ಎಂ25 ವರ್ತುಲ ಮಾರ್ಗದ ಪೂರ್ವದಲ್ಲಿರುವ ಡಾರ್ಟ್‌ಫರ್ಡ್ ಕ್ರಾಸಿಂಗ್. ಉತ್ತರಕ್ಕೆ ಸುರಂಗ, ದಕ್ಷಿಣಕ್ಕೆ ರಾಣಿ ಎರಡನೇ ಎಲಿಜಬೆತ್ ಹೆಸರಿನ ಸೇತುವೆ. ಇಲ್ಲಿ ಗೇಟುಗಳಿದ್ದವು, 2014ರ ನವೆಂಬರ್‌ನಲ್ಲಿ ತೆಗೆದರು. ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ದಾಟುವ ಕಾರಿಗೆ 2025ರ ಸೆಪ್ಟೆಂಬರ್ 1ರಿಂದ 3.50 ಪೌಂಡ್. ಇದು ಹೆದ್ದಾರಿಗಳನ್ನು ನೋಡಿಕೊಳ್ಳುವ ನ್ಯಾಷನಲ್ ಹೈವೇಸ್ ಸಂಸ್ಥೆಯ ವ್ಯಾಪ್ತಿಯದು. ಹಾಗಾಗಿ ಲಂಡನ್ ಖಾತೆಯಿಂದ ಇದು ಸಂದಾಯವಾಗದು, ಡಾರ್ಟ್ ಚಾರ್ಜ್ ಹೆಸರಿನ ಸರ್ಕಾರಿ ಪುಟದಲ್ಲಿಯೇ ಕಟ್ಟಬೇಕು. ಗಡುವೂ ಚಿಕ್ಕದು: ದಾಟಿದ ಮರುದಿನದ ಮಧ್ಯರಾತ್ರಿ.

ಕಟ್ಟುವಾಗ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಹುಡುಕಾಟದಲ್ಲಿ ಮೊದಲು ಕಾಣುವ ಕೊಂಡಿಗಳಲ್ಲಿ ಸರ್ಕಾರಿ ಪುಟದಂತೆಯೇ ತೋರಿ, ಮಧ್ಯವರ್ತಿ ಶುಲ್ಕ ಸೇರಿಸಿ ಹೆಚ್ಚು ಹಣ ಕೀಳುವ ಜಾಲತಾಣಗಳಿರುತ್ತವೆ. ಅಧಿಕೃತ ಜಾಲತಾಣ ಅಥವಾ ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್‌ನ ಸ್ವಂತ ಆ್ಯಪ್ ಹೊರತು ಬೇರೆಡೆ ಕಾರ್ಡ್ ವಿವರ ಕೊಡಬೇಡಿ. ನಂಬರ್ ನಮೂದಿಸುವಾಗ ಇಂಗ್ಲಿಷ್‌ನ ಓ ಅಕ್ಷರಕ್ಕೂ ಸೊನ್ನೆಗೂ ಗೊಂದಲವಾದರೆ ಹಣ ಯಾರದೋ ಕಾರಿಗೆ ಜಮೆಯಾಗಿ ನಿಮ್ಮ ಹೆಸರಿಗೆ ದಂಡ ಬರುತ್ತದೆ. ಆದ್ದರಿಂದ ಕೀಲಿ ಸಿಕ್ಕ ಕೂಡಲೇ ನಂಬರ್ ಪ್ಲೇಟಿನ ಫೋಟೋ ತೆಗೆದಿಟ್ಟುಕೊಳ್ಳಿ.

ಹೀತ್ರೂ ವಿಮಾನ ನಿಲ್ದಾಣದಲ್ಲಿ ಟರ್ಮಿನಲ್ ಬಾಗಿಲಿಗೆ ಜನರನ್ನು ಇಳಿಸಲು ಹೋದರೂ ಶುಲ್ಕವಿದೆ, ಅಲ್ಲಿಯೂ ಗೇಟಿಲ್ಲ, ಮರುದಿನದ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಅದು ಬೇಡವೆನಿಸಿದರೆ ಲಾಂಗ್ ಸ್ಟೇ ಪಾರ್ಕಿಂಗ್‌ನಲ್ಲಿ ಇಳಿಸಿ, ಅಲ್ಲಿಂದ ಉಚಿತ ಬಸ್ಸಿನಲ್ಲಿ ಟರ್ಮಿನಲ್‌ಗೆ ಕಳುಹಿಸಬಹುದು.

ಐದನೆಯ ಹಂತ: ಕಾರು ಎಲ್ಲಿ ನಿಲ್ಲಿಸುವುದು

ರಸ್ತೆ ಅಂಚಿನ ಗೆರೆಯ ಬಣ್ಣವನ್ನು ಮೊದಲು ನೋಡಿ. ಕೆಂಪು ಜೋಡಿ ಗೆರೆಯಿದ್ದರೆ ಯಾವ ಹೊತ್ತಿನಲ್ಲಿಯೂ ನಿಲ್ಲುವಂತಿಲ್ಲ, ಒಬ್ಬರನ್ನು ಇಳಿಸಲು ಅರೆಗಳಿಗೆ ನಿಂತರೂ ತಪ್ಪು. ಕೆಂಪು ಒಂಟಿ ಗೆರೆಗೆ ಫಲಕದಲ್ಲಿ ಬರೆದ ವೇಳೆಯಲ್ಲಿ ಅದೇ ನಿಷೇಧ. ಹಳದಿ ಜೋಡಿ ಗೆರೆಯಲ್ಲಿ ಕಾರು ನಿಲ್ಲಿಸಿ ಕಾಯುವಂತಿಲ್ಲ, ಆದರೆ ಜನರನ್ನು ಹತ್ತಿಸಿ ಇಳಿಸಿ ಹೊರಡಬಹುದು. ಹಳದಿ ಒಂಟಿ ಗೆರೆ ಫಲಕದ ವೇಳೆಯಲ್ಲಿ ಮಾತ್ರ ನಿಷೇಧ.

ಹಳದಿ ಒಂಟಿ ಗೆರೆಯ ಹತ್ತಿರ ಫಲಕವೇ ಕಾಣದಿದ್ದರೆ ಅವಕಾಶವಿದೆಯೆಂದು ತಿಳಿಯಬೇಡಿ. ನಿಯಂತ್ರಿತ ಪಾರ್ಕಿಂಗ್ ವಲಯಗಳಲ್ಲಿ ವೇಳೆಯನ್ನು ಬಡಾವಣೆ ಪ್ರವೇಶಿಸುವಲ್ಲಿ ಒಂದೇ ಫಲಕದಲ್ಲಿ ಬರೆದು ಬಿಟ್ಟಿರುತ್ತಾರೆ, ಒಳಗಿನ ಪ್ರತಿ ಗೆರೆಗೂ ಅದೇ ಅನ್ವಯ. ನೆನಪಿಲ್ಲದಿದ್ದರೆ ನಡೆದುಕೊಂಡು ಹೋಗಿಯಾದರೂ ಆ ಫಲಕ ನೋಡಿ ಬನ್ನಿ. ವೆಂಬ್ಲಿಯಂಥ ಕ್ರೀಡಾಂಗಣಗಳ ಸುತ್ತ ಪಂದ್ಯದ ದಿನಗಳಿಗೆ ಬೇರೆಯೇ ವೇಳೆಯಿರುತ್ತದೆ.

ಇನ್ನು ಬಿಳಿ ಗೆರೆಯ ಚೌಕದೊಳಗೆ ಕಾರು ನಿಲ್ಲಿಸಿದಿರೆಂದುಕೊಳ್ಳಿ. ಪಕ್ಕದ ಕಂಬದ ಫಲಕದಲ್ಲಿ ಮೇಲಿನ ಸಾಲು ಸೋಮವಾರದಿಂದ ಶನಿವಾರ, ಬೆಳಿಗ್ಗೆ 8.30ರಿಂದ ಸಂಜೆ 6.30 ಎನ್ನುತ್ತದೆ. ಅದರ ಕೆಳಗೆ ಫೋನಿನಲ್ಲಿ ಪಾವತಿ ಎಂಬ ಸೂಚನೆ ಮತ್ತು ಸ್ಥಳದ ಸಂಖ್ಯೆ ಇರುತ್ತದೆ. ಇನ್ನೂ ಕೆಳಗೆ ಗರಿಷ್ಠ 2 ಗಂಟೆ, 1 ಗಂಟೆಯೊಳಗೆ ಮರಳಿ ಬರುವಂತಿಲ್ಲ ಎಂದಿರುತ್ತದೆ. ಇದನ್ನು ಹೀಗೆ ಓದಿಕೊಳ್ಳಬೇಕು: ಸಂಜೆ 6.30ರ ನಂತರ ಮತ್ತು ಭಾನುವಾರ ಇಲ್ಲಿ ಹಣವಿಲ್ಲದೆ ನಿಲ್ಲಿಸಬಹುದು. ಉಳಿದ ಹೊತ್ತಿನಲ್ಲಿ ಹಣ ಕಟ್ಟಿದರೂ 2 ಗಂಟೆಗಿಂತ ಹೆಚ್ಚು ಇರುವಂತಿಲ್ಲ. ಹೊರಟು ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬರುವ ಉಪಾಯ ನಡೆಯದು. ಅದೇ ಫಲಕದಲ್ಲಿ ನಿವಾಸಿಗಳ ಪರ್ಮಿಟ್ ಮಾತ್ರ ಎಂದಿದ್ದರೆ ಯಾವ ಹಣಕ್ಕೂ ಆ ಜಾಗ ನಿಮ್ಮದಾಗದು. ಬೀದಿಯ ಎರಡು ಬದಿಗೆ, ಒಂದೇ ಬದಿಯ ಎರಡು ಚೌಕಗಳಿಗೂ ಬೇರೆ ಬೇರೆ ನಿಯಮವಿರಬಹುದು. ಹಾಗಾಗಿ ನಿಮ್ಮ ಕಾರು ನಿಂತ ಚೌಕದ ಫಲಕವನ್ನೇ ಓದಬೇಕು.

ಪಾವತಿಗೆ ರಿಂಗ್‌ಗೋ, ಪೇಬೈಫೋನ್ ಮುಂತಾದ ಆ್ಯಪ್‌ಗಳಿವೆ. ಯಾವ ಕೌನ್ಸಿಲ್ ಯಾವುದನ್ನು ಬಳಸುತ್ತದೆ ಎಂಬುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಸ್ಥಳದ ಸಂಖ್ಯೆ ಹಾಕಿದ ಮೇಲೆ ಆ್ಯಪ್ ತೋರಿಸುವ ಬೀದಿಯ ಹೆಸರು ನೀವಿರುವ ಬೀದಿಯದೇ ಎಂದು ನೋಡಿಕೊಂಡು ಹಣ ಕಟ್ಟಿ. ಹಣ ಕಟ್ಟಿದ ಅವಧಿ ಮುಗಿದ ಮೇಲೆ ಕೌನ್ಸಿಲ್‌ನ ಪಾರ್ಕಿಂಗ್ ಜಾಗಗಳಲ್ಲಿ 10 ನಿಮಿಷದ ರಿಯಾಯಿತಿ ಕಾನೂನಿನಲ್ಲಿಯೇ ಇದೆ. ಹಳದಿ, ಕೆಂಪು ಗೆರೆಗಳಿಗೆ ಅದು ಸಲ್ಲದು. ಫುಟ್‌ಪಾತ್ ಮೇಲೆ ಚಕ್ರ ಹತ್ತಿಸಿ ನಿಲ್ಲಿಸುವುದು, ಅವಕಾಶದ ಫಲಕವಿಲ್ಲದ ಕಡೆ, ಲಂಡನ್‌ನಾದ್ಯಂತ 1974ರಿಂದ ನಿಷಿದ್ಧ. ಮನೆಗಳ ಮುಂದೆ ಕಾರು ಇಳಿಸಲು ತಗ್ಗಿಸಿದ ಅಂಚಿಗೆ ಅಡ್ಡ ನಿಲ್ಲಿಸಿದರೂ ದಂಡ.

ನಗರ ಕೇಂದ್ರ ನೋಡಲು ಹೊರಟವರಿಗೆ ನನ್ನ ಸ್ಪಷ್ಟ ಸಲಹೆ: ಹೊರವಲಯದ ಟ್ಯೂಬ್ (ನಗರದ ಮೆಟ್ರೋ ರೈಲು) ನಿಲ್ದಾಣದ ಕಾರ್ ಪಾರ್ಕ್‌ನಲ್ಲಿ ಕಾರು ಬಿಟ್ಟು ರೈಲು ಹಿಡಿಯಿರಿ. 18 ಪೌಂಡ್ ಜೊತೆಗೆ ಒಳಗಿನ ದುಬಾರಿ ಪಾರ್ಕಿಂಗ್ ಸೇರಿದರೆ ಇಡೀ ಕುಟುಂಬದ ರೈಲು ಟಿಕೆಟ್ಟೇ ಅಗ್ಗವಾಗುವುದುಂಟು. ನಡೆಯಲಾಗದ ಹಿರಿಯರಿದ್ದಾಗ ಕಾರೇ ಬೇಕೆಂದರೆ ವಾರಾಂತ್ಯದ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ.

ಆರನೆಯ ಹಂತ: ನೋಟಿಸ್ ಬಂದರೆ

ದಟ್ಟಣೆ ಶುಲ್ಕ ಅಥವಾ ಯುಲೆಜ್ ಬಾಕಿಗೆ ದಂಡ 180 ಪೌಂಡ್, 14 ದಿನದೊಳಗೆ ಕಟ್ಟಿದರೆ 90. ಕೌನ್ಸಿಲ್‌ಗಳ ಪಾರ್ಕಿಂಗ್, ಬಸ್ ಲೇನ್ ಮುಂತಾದ ದಂಡಗಳು 160 ಪೌಂಡ್‌ವರೆಗೆ ಹೋಗುತ್ತವೆ, ಅವಕ್ಕೂ ಬೇಗ ಕಟ್ಟಿದರೆ ಅರ್ಧ. ಡಾರ್ಟ್‌ಫರ್ಡ್‌ನದು 70 ಪೌಂಡ್, 14 ದಿನದೊಳಗೆ 35. ತಪ್ಪು ನಿಮ್ಮದೇ ಎಂದು ಫೋಟೋದಲ್ಲಿ ಸ್ಪಷ್ಟವಾಗಿದ್ದರೆ ಅರ್ಧದಲ್ಲಿ ಮುಗಿಸಿಬಿಡಿ. ತಪ್ಪಿಲ್ಲವೆಂದು ಖಚಿತವಿದ್ದರೆ ಹಣ ಕಟ್ಟಬೇಡಿ, ಏಕೆಂದರೆ ಕಟ್ಟಿದ ಮೇಲೆ ಆಕ್ಷೇಪಕ್ಕೆ ಅವಕಾಶವಿಲ್ಲ. ಫಲಕ, ಗೆರೆ, ಪಾವತಿಯ ರಸೀದಿ ಇವುಗಳ ಫೋಟೋ ಸಮೇತ ನೋಟಿಸ್ ಕಳುಹಿಸಿದ ಸಂಸ್ಥೆಗೇ ಮೊದಲು ಬರೆಯಿರಿ. ಅಲ್ಲಿ ತಿರಸ್ಕೃತವಾದರೆ ಲಂಡನ್ ಟ್ರಿಬ್ಯೂನಲ್ಸ್ ಎಂಬ ಸ್ವತಂತ್ರ ನ್ಯಾಯಮಂಡಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಸೂಪರ್‌ಮಾರ್ಕೆಟ್‌ನಂಥ ಖಾಸಗಿ ಜಾಗಗಳ ಪಾರ್ಕಿಂಗ್ ಕಂಪನಿಗಳು ಕಳುಹಿಸುವ ಚೀಟಿ ಈ ವ್ಯವಸ್ಥೆಯಲ್ಲಿ ಬರುವುದಿಲ್ಲ. ಅದರ ಆಕ್ಷೇಪದ ದಾರಿಯನ್ನು ಆ ಚೀಟಿಯಲ್ಲಿಯೇ ಬರೆದಿರುತ್ತಾರೆ.

ಬಾಡಿಗೆ ಕಾರಿನ ನೋಟಿಸ್ ಮೊದಲು ಹೋಗುವುದು ಕಂಪನಿಗೆ. ಅವರು ನಿಮ್ಮ ವಿವರ ಕೊಟ್ಟು ನಿಮಗೆ ತಲುಪುವಷ್ಟರಲ್ಲಿ ವಾರಗಳು ಕಳೆದಿರಬಹುದು. ಆದ್ದರಿಂದ ಪ್ರತಿದಿನ ಸಂಜೆ ಆ ದಿನ ಎಲ್ಲೆಲ್ಲಿ ಓಡಾಡಿದಿರಿ, ಯಾವ ಶುಲ್ಕ ಕಟ್ಟಿದಿರಿ ಎಂದು ರಸೀದಿ ಸಂಖ್ಯೆಯೊಂದಿಗೆ ಬರೆದಿಡಿ, ಕಾರು ಮರಳಿಸಿದ ಮೇಲೂ ಕೆಲವು ತಿಂಗಳು ಆ ಪಟ್ಟಿಯನ್ನು ಅಳಿಸಬೇಡಿ, ಮತ್ತು ಕರಾರಿಗೆ ಕೊಟ್ಟ ಇಮೇಲ್ ವಿಳಾಸವನ್ನು ಆಗಾಗ ತೆರೆದು ನೋಡುತ್ತಿರಿ.